ಮಗಳಿಗೊಂದು ಪತ್ರ: ಮೊದಲು ಕಾಗದ, ಆಮೇಲೆ ಹುಳು

ಪ್ರೀತಿಯ ಪುಟ್ಟಿ,

ನಿನ್ನ ಕ್ಲಾಸಿನ ಮಕ್ಕಳಿಗೆ ಎರಿಕ್ ಕಾರ್ಲ್ ಬರೆದು ಚಿತ್ರ ಮಾಡಿದ "ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್", ಅದೇ ಆ ಹಸಿದ ಕಂಬಳಿಹುಳುವಿನ ಪುಸ್ತಕ, ಓದಿ ಹೇಳಿ, ಅವರ ಥರಾನೇ ಚಿತ್ರ ಮಾಡಿಸಬೇಕು ಅಂತ ಬರೆದಿದ್ದೀಯ. ತುಂಬಾ ಖುಷಿಯಾಯಿತು. ಆದರೆ ಒಂದು ಮಾತು. ಹಸಿರು ಬಿಲ್ಲೆಗಳನ್ನು ನೀನೇ ಕತ್ತರಿಸಿಟ್ಟು "ಅಂಟಿಸಿ ಮಕ್ಕಳೇ" ಅನ್ನಬೇಡ. ಗೋಡೆ ತುಂಬ ಒಂದೇ ಥರದ ಹುಳುಗಳು ಸಾಲಾಗಿ ನಿಲ್ಲುತ್ತವೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ಯೋಚನೆಯೆಲ್ಲ ನಿನ್ನದೇ ಆಯಿತಲ್ವಾ?

ಕಾರ್ಲ್ ಮೊದಲು ಮಾಡುತ್ತಿದ್ದುದು ಚಿತ್ರವನ್ನಲ್ಲ, ಕಾಗದವನ್ನು. ತೆಳುವಾದ ಬಿಳಿ ಟಿಶ್ಯೂ ಕಾಗದ ಹರಡಿಕೊಂಡು ಅದಕ್ಕೆ ಅಕ್ರಿಲಿಕ್ ಬಣ್ಣ ಬಳಿಯುತ್ತಿದ್ದರು. ಬ್ರಷ್ ಅಷ್ಟೇ ಅಲ್ಲ, ಬೆರಳು, ಸ್ಪಂಜು, ಕಾರ್ಪೆಟ್ಟಿನ ತುಂಡು ಕೂಡ ಬಳಸುತ್ತಿದ್ದರು. ಒಂದು ಬಣ್ಣ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು ಬಣ್ಣದ ಗೆರೆ, ಚುಕ್ಕೆ, ಸುರುಳಿ. ಒಣಗಿದ ಕಾಗದಗಳನ್ನು ಬಣ್ಣದ ಪ್ರಕಾರ ಡ್ರಾಯರುಗಳಲ್ಲಿ ಜೋಡಿಸಿಡುತ್ತಿದ್ದರು. ಪುಸ್ತಕದ ಕೆಲಸ ಬಂದಾಗ ಅಲ್ಲಿಂದ ಹುಡುಕಿ ತೆಗೆದು, ಬೇಕಾದ ಆಕಾರಕ್ಕೆ ಕತ್ತರಿಸಿ, ದಪ್ಪ ರಟ್ಟಿನ ಮೇಲೆ ಅಂಟಿಸುವುದು. ಸಣ್ಣಪುಟ್ಟ ಗೆರೆಗಳಿಗೆ ಕೊನೆಯಲ್ಲಿ ಕ್ರೇಯಾನ್.

ಅದಕ್ಕೇ ಹೇಳುತ್ತೇನೆ, ಈ ಕೆಲಸವನ್ನು ಎರಡು ದಿನ ಮಾಡಿಸು. ಮೊದಲ ದಿನ ಬರೀ ಬಣ್ಣ. ಏನು ಮಾಡುತ್ತಿದ್ದೀಯ ಅಂತ ಯಾರನ್ನೂ ಕೇಳಬೇಡ. ಕಾಗದದ ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸು, ಇಲ್ಲದಿದ್ದರೆ ಟೇಬಲಿಗೇ ಅಂಟಿಕೊಳ್ಳುತ್ತದೆ. ಒದ್ದೆಯಾದ ಟಿಶ್ಯೂ ಬೇಗ ಹರಿಯುತ್ತದೆ, ತೀರಾ ಚಿಕ್ಕವರಿಗೆ ಸ್ವಲ್ಪ ದಪ್ಪ ಕಾಗದ ಕೊಡು. ಒಣಗುವಾಗ ಸುಕ್ಕು ಬೀಳುತ್ತದೆ. ಅದನ್ನು ತೀಡಿ ಸರಿಮಾಡಲು ಹೋಗಬೇಡ, ಆ ಸುಕ್ಕೇ ನಾಳೆ ಎಲೆಯ ನರವಾಗುತ್ತದೆ. ಎಲ್ಲ ಬಣ್ಣ ಕಲಸಿ ಕೆಸರು ಮಾಡಿಕೊಂಡ ಮಗು ಇದ್ದೇ ಇರುತ್ತದೆ. ಆ ಹಾಳೆಯನ್ನೂ ಜೋಪಾನವಾಗಿಡು. ಮರದ ಕಾಂಡ ಬೇಕಾದಾಗ ಎಲ್ಲರೂ ಅದನ್ನೇ ಹುಡುಕಿಕೊಂಡು ಬರುತ್ತಾರೆ.

ಎರಡನೆಯ ದಿನ ಕತ್ತರಿಸುವ ಮೊದಲು ಅವರಿಗೆ ಆ ಹುಳುವಿನ ಕಥೆ ಹುಟ್ಟಿದ್ದು ಹೇಗೆ ಅಂತ ಹೇಳು. ಕಾರ್ಲ್ ಸುಮ್ನೆ ಪಂಚಿಂಗ್ ಮಷಿನ್ನಿನಿಂದ ಕಾಗದದ ಕಟ್ಟಿಗೆ ತೂತು ಹಾಕುತ್ತಿದ್ದರು. ತೂತು ನೋಡಿ ಪುಸ್ತಕ ತಿನ್ನುವ ಹುಳು ನೆನಪಾಯಿತು. ವಿಲ್ಲಿ ಎಂಬ ಹುಳುವಿನ ಕಥೆ ಮಾಡಿದರು. ಸಂಪಾದಕಿ ಆನ್ ಬೆನೆಡ್ಯೂಸ್ ಅವರಿಗೆ ಆ ಹುಳು ಅಷ್ಟಾಗಿ ಹಿಡಿಸಲಿಲ್ಲ. ಕಂಬಳಿಹುಳು ಆದರೆ ಹೇಗೆ ಅಂದರು. ತಕ್ಷಣ ಕಾರ್ಲ್ ಬಾಯಿಂದ ಬಂದದ್ದು "ಚಿಟ್ಟೆ!" ಕಥೆಗೆ ಕೊನೆ ಸಿಕ್ಕಿದ್ದು ಹಾಗೆ. ಆಮೇಲೂ ಕಷ್ಟ ಮುಗಿಯಲಿಲ್ಲ. ತೂತಿರುವ, ಅಳತೆ ಬೇರೆಬೇರೆಯಾದ ಪುಟಗಳನ್ನು ಅಮೆರಿಕದಲ್ಲಿ ಮುದ್ರಿಸಲು ಖರ್ಚು ಜಾಸ್ತಿ. ಆನ್ ಅವರೇ ಜಪಾನಿನಲ್ಲಿ ಮುದ್ರಕರನ್ನು ಹುಡುಕಿದರು. 1969ರಲ್ಲಿ ಪುಸ್ತಕ ಬಂತು. ಕಪ್ಪೆ ಅಂತ ಶುರು ಮಾಡಿದ್ದು ಅರ್ಧಕ್ಕೇ ದೋಣಿಯಾದರೆ ಯಾರೂ ಅಳಬೇಕಿಲ್ಲ ಅಂತ ಮಕ್ಕಳಿಗೆ ಇದರಿಂದ ಗೊತ್ತಾಗಲಿ.

ಇನ್ನೊಂದು ಸಂಗತಿ ನಿನಗಾಗಿ, ಟೀಚರಮ್ಮನಿಗಾಗಿ. ಕಾರ್ಲ್ ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ನಾಜಿಗಳ ಕಾಲದ ಜರ್ಮನಿಯಲ್ಲಿ. ಹೊಸ ಬಗೆಯ ಚಿತ್ರಕಲೆಗೆ ಆಗ ಅಲ್ಲಿ ನಿಷೇಧ. ಅವರ ಡ್ರಾಯಿಂಗ್ ಮೇಷ್ಟ್ರು ಒಮ್ಮೆ ಹುಡುಗನನ್ನು ಮನೆಗೆ ಕರೆದು, ಆ ಚಿತ್ರಗಳ ಪ್ರತಿಗಳನ್ನು ಗುಟ್ಟಾಗಿ ತೋರಿಸಿದರು. ಅದರಲ್ಲಿ ಜರ್ಮನ್ ಕಲಾವಿದ ಫ್ರಾಂಜ್ ಮಾರ್ಕ್ ಬರೆದ ನೀಲಿ ಕುದುರೆಯೂ ಇತ್ತು. ಹುಡುಗ ಬೆಚ್ಚಿಬಿದ್ದ, ಆದರೆ ಮರೆಯಲಿಲ್ಲ. 2011ರಲ್ಲಿ, ಎಂಬತ್ತು ದಾಟಿದ ಮೇಲೆ, ನೀಲಿ ಕುದುರೆ ಬರೆಯುವ ಕಲಾವಿದನ ಬಗ್ಗೆಯೇ ಒಂದು ಪುಸ್ತಕ ಮಾಡಿದರು. ಆ ಮೇಷ್ಟ್ರ ಬಗ್ಗೆ ಓದಿದಾಗಲೆಲ್ಲ ನನಗೆ ನಿನ್ನ ನೆನಪಾಗುತ್ತದೆ. ನಿನ್ನ ಕ್ಲಾಸಿನಲ್ಲಿ ಯಾರಾದರೂ ನೇರಳೆ ನಾಯಿ ಮಾಡಿದರೆ ಬಣ್ಣ ತಿದ್ದಬೇಡ, ಆ ಕಾಗದವನ್ನೇ ಯಾಕೆ ಆರಿಸಿಕೊಂಡೆ ಅಂತ ಕೇಳು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಚಿತ್ರದ ಹಿಂದೆ ಬರೆದಿಡು.

ಉಳಿದ ಚೂರುಗಳನ್ನು ಗುಡಿಸಿ ಹಾಕಿಬಿಡಬೇಡ. ಬಣ್ಣದ ಪ್ರಕಾರ ಬೇರೆಬೇರೆ ಡಬ್ಬಕ್ಕೆ ಹಾಕುವ ಕೆಲಸ ಮಕ್ಕಳಿಗೇ ಕೊಡು. ಮುಂದಿನ ಸಲ ಅಲ್ಲಿಂದಲೇ ಶುರು ಮಾಡಬಹುದು.

ಪ್ರೀತಿಯಿಂದ,
ಅಮ್ಮ