72 ಗಂಟೆ ಮಾತ್ರೆಗೆ ನಾಲ್ಕು ದಿನದ ಡೆಲಿವರಿ

ಸಂಪಾದಕರಿಗೆ ನಮಸ್ಕಾರ,

ಐ-ಪಿಲ್, ಅನ್‌ವಾಂಟೆಡ್ 72 ಥರದ, ಸಂಭೋಗ ಆದ್ಮೇಲೆ ಗರ್ಭ ನಿಲ್ಲದ ಹಾಗೆ ತಗೊಳ್ಳೋ ತುರ್ತು ಮಾತ್ರೆ ಬೆಂಗಳೂರಲ್ಲಾದ್ರೆ ಮೊಬೈಲಲ್ಲಿ ಒತ್ತಿದ ಸ್ವಲ್ಪ ಹೊತ್ತಿಗೇ ಹಾಲು ಮೊಸರಿನ ಜೊತೆ ಮನೆಗೆ ಬರತ್ತೆ, ಒಳ್ಳೇದೇ. ನಮ್ಮಂಥ ತಾಲೂಕು ಊರಿನ ಪಿನ್‌ಕೋಡ್ ಹಾಕಿ ನೋಡಿ. ನಮ್ಮ ಸಂಬಂಧಿಕರ ಹುಡುಗಿ, ಮದುವೆಯಾಗಿ ಒಂದು ಮಗು ಇದೆ, ಕಾಂಡೋಮ್ ಹರಿದೋಯ್ತು ಅಂತ ಮಾರನೇ ದಿನ ಬೆಳಿಗ್ಗೆ ಒಂದು ಆನ್‌ಲೈನ್ ಫಾರ್ಮಸಿಯಲ್ಲಿ ಆರ್ಡರ್ ಮಾಡಿದ್ಲು. ದುಡ್ಡು ಕಟ್ ಆಯ್ತು, ದೊಡ್ಡದಾಗಿ ಹಸಿರು ಟಿಕ್ ಬಂತು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ದಿನ ಬಿಟ್ಟು ಬರೋ ತಾರೀಕು! ಅವಳ ಕಣ್ಣಿಗೆ ಅದು ಬಿತ್ತು ಸರಿ, ಬೀಳದೇ ಇರೋರ ಗತಿ ಏನು?

ಲೆವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್ 1.5 ಮಿಲಿಗ್ರಾಂ ಇರೋ ಈ ಒಂದು ಮಾತ್ರೆನ ಸಂಭೋಗ ಆಗಿ 72 ಗಂಟೆಯೊಳಗೆ ತಗೋಬೇಕು, ಹಾಗಂತ ಮೂರನೇ ದಿನದ ತನಕ ಕಾಯಬಹುದು ಅಂತಲ್ಲ, ಇದು ಕೆಲಸ ಮಾಡೋದು ಮುಖ್ಯವಾಗಿ ಅಂಡ ಬಿಡುಗಡೆ ಆಗೋದನ್ನ ಮುಂದೂಡಿ, ಅಂಡ ಹೊರಗೆ ಬಂದ್ಮೇಲೆ ನುಂಗಿದ್ರೆ ಅಷ್ಟು ಪ್ರಯೋಜನ ಇಲ್ಲ, ಅದಕ್ಕೇ ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು ಅನ್ನೋದು. ಇದು ಗರ್ಭಪಾತದ ಮಾತ್ರೆ ಅಲ್ಲವೇ ಅಲ್ಲ, ಅದು ಬೇರೆ, ಅದಕ್ಕೆ ಡಾಕ್ಟರ್ ಬೇಕೇ ಬೇಕು. ಓದಿದೋರೂ ಎರಡನ್ನೂ ಒಂದೇ ಅಂದ್ಕೊಂಡಿದಾರೆ.

ಮೆಡಿಕಲ್ ಶಾಪಿಗೇ ಹೋಗಬಹುದಿತ್ತಲ್ಲ ಅಂತ ಕೇಳ್ತೀರೇನೋ. ಅಂಗಡಿಯವರು ಅವಳ ಮಾವನಿಗೆ ಪರಿಚಯ, ಕೇಳಿದ ಕೂಡ್ಲೆ "ಯಾರಿಗೆ? ಚೀಟಿ ಎಲ್ಲಿ?" ಅಂತಾರೆ, ಅಕ್ಕಪಕ್ಕ ನಾಲ್ಕು ಜನ ನಿಂತಿರ್ತಾರೆ. 2005ರಿಂದಲೇ ಈ ಮಾತ್ರೆಗೆ ಡಾಕ್ಟರ್ ಚೀಟಿ ಬೇಡ ಅಂತ ಆಗಿದೆ, ಇನ್ನೂ ಕೇಳ್ತಾರೆ ಅಂದ್ರೆ ನಂಗೆ ನಿಜವಾಗ್ಲೂ ಸಿಟ್ಟು ಬರತ್ತೆ. ಮದುವೆಯಾದವಳಿಗೇ ಹೀಗೆ, ಇನ್ನು ಹಾಸ್ಟೆಲ್ ಹುಡುಗೀರ ಪಾಡು ಕೇಳೋದೇ ಬೇಡ.

ಆನ್‌ಲೈನ್ ಕಂಪನಿಗಳು ದುಡ್ಡು ತಗೊಳ್ಳೋ ಮುಂಚೆನೇ ಮಾತ್ರೆ ಯಾವತ್ತು ಕೈ ಸೇರತ್ತೆ ಅಂತ ದಪ್ಪ ಅಕ್ಷರದಲ್ಲಿ ತೋರಿಸಲಿ, ಒಂದು ದಿನದೊಳಗೆ ಕೊಡಕ್ಕಾಗಲ್ಲ ಅಂದ್ರೆ ಆ ಊರಿನ ಆರ್ಡರೇ ತಗೋಬಾರ್ದು, ಹತ್ತಿರದ ಅಂಗಡಿಗೋ ಸರ್ಕಾರಿ ಆಸ್ಪತ್ರೆಗೋ ಹೋಗಿ ಅಂತ ಹೇಳಲಿ. ಸರ್ಕಾರದ್ದೇ ಈಜಿ ಪಿಲ್ ಅಂತ ಇದೇ ಮಾತ್ರೆ ಇದೆ, ಆಶಾ ಕಾರ್ಯಕರ್ತೆಯರ ಹತ್ರಾನೂ ಕೊಟ್ಟಿರ್ತಾರೆ, ಗೊತ್ತಿರೋರು ಕಮ್ಮಿ. ಮೂರು ದಿನ ದಾಟಿದ್ರೂ ಐದು ದಿನದೊಳಗೆ ಆಸ್ಪತ್ರೆಯಲ್ಲಿ ಗರ್ಭಕೋಶದೊಳಗೆ ಇಡೋ ಕಾಪರ್-ಟಿ ಹಾಕಿಸ್ಕೋಬಹುದು, ಅದು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡತ್ತೆ, ಇದನ್ನ ಯಾವ ಆ್ಯಪೂ ಹೇಳಿದ್ದು ನಾ ನೋಡಿಲ್ಲ. ನುಂಗಿ ಎರಡು ಗಂಟೆಯೊಳಗೆ ವಾಂತಿ ಆದ್ರೆ ಮತ್ತೊಂದು ತಗೋಬೇಕು, ಮುಟ್ಟು ಒಂದು ವಾರಕ್ಕಿಂತ ತಡ ಆದ್ರೆ ಟೆಸ್ಟ್ ಮಾಡ್ಕೋಬೇಕು ಅನ್ನೋದನ್ನ ಕನ್ನಡದಲ್ಲಿ ನಾಲ್ಕು ಸಾಲು ಹಾಕೋಕೆ ಖರ್ಚೇನು?

ಜಿಲ್ಲಾ ಆರೋಗ್ಯ ಇಲಾಖೆಯೋರು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಮಾತ್ರೆ ಸ್ಟಾಕ್ ಇದೆಯಾ ಅಂತ ನೋಡಿ, ಹೊರಗಡೆ ಬೋರ್ಡ್ ಹಾಕಿಸಲಿ.

ಇತಿ,
ನಿಮ್ಮ ಓದುಗಾರ್ತಿ, ತಿಪಟೂರು