ಉದ್ದ ಬಾಲದ ಫೈಟರ್ ಮೀನು ಕೊಳ್ಳುವ ಮುಂಚೆ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಲಬುರಗಿಯಲ್ಲಿ ಅಕ್ವೇರಿಯಂ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸಣ್ಣ ಡಬ್ಬಿಗಳಲ್ಲಿ ಸಾಲಾಗಿ ಇಟ್ಟಿರುವ ಫೈಟರ್ ಮೀನು. ಅದರಲ್ಲೂ ಹಾಫ್‌ಮೂನ್. ಬಾಲ ಬಿಚ್ಚಿದರೆ 180 ಡಿಗ್ರಿ, ಪೂರ್ತಿ ಅರ್ಧಚಂದ್ರ. ಮಗಳು ಹಟ ಹಿಡಿದಳು ಅಂತ ಹೋದ ವರ್ಷ ನಾನೂ ಒಂದು ತಂದೆ. ನಮ್ಮ ಅವ್ವ ನೋಡಿ "ಜರತಾರಿ ಸೀರಿ ಉಟ್ಟಂಗ ಅದ" ಅಂದಳು.

ಆ ಸೀರೆಯೇ ಅದಕ್ಕೆ ಭಾರವಾಯಿತು. ಈ ಮೀನಿಗೆ ಕಿವಿರು ಸಾಲದು, ಆಗಾಗ ಮೇಲೆ ಬಂದು ಬಾಯಿಂದ ಗಾಳಿ ಎಳೆದುಕೊಳ್ಳಬೇಕು. ನಮ್ಮದು ತಳದಿಂದ ಹೊರಟು, ಅರ್ಧ ದಾರಿಯಲ್ಲಿ ಒಂದು ಎಲೆಯ ಮೇಲೆ ಒರಗಿ ಸುಧಾರಿಸಿಕೊಂಡು, ಮತ್ತೆ ಮೈ ಕೊಡವಿ ಮೇಲೆ ಹೋಗುತ್ತಿತ್ತು. ಒಂದು ಗುಟುಕು ಗಾಳಿ ಸಿಕ್ಕ ಕೂಡಲೇ ಬಾಲದ ಭಾರಕ್ಕೆ ಹಿಂದಕ್ಕೆ ಜಾರುತ್ತಿತ್ತು. ಫಿಲ್ಟರ್ ಹಾಕಿದರೆ ಆ ಸಣ್ಣ ಹರಿವಿಗೇ ಮೂಲೆಗೆ ಹೋಗಿ ಬೀಳುತ್ತಿತ್ತು. ಒಂದು ದಿನ ಬೆಳಿಗ್ಗೆ ನೋಡಿದರೆ ಬಾಲದಲ್ಲಿ ಅರ್ಧವೇ ಇಲ್ಲ. ತೊಟ್ಟಿಯಲ್ಲಿ ಬೇರೆ ಮೀನೂ ಇರಲಿಲ್ಲ, ತಾನೇ ಕಚ್ಚಿಕೊಂಡಿತ್ತು. ಉದ್ದ ಬಾಲದ ಫೈಟರ್‌ಗಳಲ್ಲಿ ಇದು ಅಪರೂಪವೇನಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ಮಗಳು ಕೇಳಿದ್ದು ಒಂದೇ ಮಾತು: "ಅಪ್ಪಾ, ಅದಕ್ಕ ಬಾಲ ಬ್ಯಾಡಾಗ್ಯಾದೇನು?"

ಥಾಯ್ಲೆಂಡ್ ಕಡೆ ಭತ್ತದ ಗದ್ದೆ, ಜವುಗು ನೀರಿನಲ್ಲಿ ಇರುವ ಇದರ ಮೂಲ ಮೀನು ಗಿಡ್ಡ ರೆಕ್ಕೆಯದು, ಚುರುಕಾಗಿ ಈಜುತ್ತದೆ. ಜನ ತಲೆಮಾರುಗಟ್ಟಲೆ ಉದ್ದ ಬಾಲದವನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದಕ್ಕೆ ಈ ಗತಿ. ಬಣ್ಣಕ್ಕಾಗಿ ತಳಿ ಮಾಡುವುದಕ್ಕೆ ನನ್ನ ತಕರಾರಿಲ್ಲ. ಬಣ್ಣ ಈಜುವುದಕ್ಕೆ ಅಡ್ಡ ಬರುವುದಿಲ್ಲ, ಬಾಲ ಬರುತ್ತದೆ. ನಾವು ಅದು ಕುಣಿಯುತ್ತದೆ ಅಂದುಕೊಂಡು ವಿಡಿಯೊ ಮಾಡುತ್ತೇವೆ, ಎಷ್ಟೋ ಸಲ ಅದು ಸುಮ್ನೆ ಏಗುತ್ತಿರುತ್ತದೆ.

"ಅಂಗಡಿಯ ಡಬ್ಬಿಯಲ್ಲಿ ಸಾಯುವುದಕ್ಕಿಂತ ನಮ್ಮ ಮನೆಯಲ್ಲಿ ಚೆನ್ನಾಗಿರಲಿ ಬಿಡು" ಅಂತ ಗೆಳೆಯರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಾನು ತಂದ ಮುಂದಿನ ವಾರ ಅದೇ ಜಾಗದಲ್ಲಿ ಇನ್ನೊಂದು ಹಾಫ್‌ಮೂನ್ ಕೂತಿತ್ತು. ಕೊಳ್ಳುವವರು ಇರುವ ತನಕ ಅವು ಬರುತ್ತಲೇ ಇರುತ್ತವೆ, ಅಲ್ವಾ? ಫೈಟರ್ ಬೇಕೇ ಬೇಕು ಅಂದರೆ ಪ್ಲಕಾಟ್ ಕೇಳಿ. ಅದೂ ಸಾಕಿದ ತಳಿಯೇ, ಬಣ್ಣ ಕಡಿಮೆ ಏನಿಲ್ಲ, ಆದರೆ ಬಾಲ ಗಿಡ್ಡ. ಅಂಗಡಿಯವರಲ್ಲೂ ಒಂದು ವಿನಂತಿ, ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಮೊದಲು ಅದನ್ನೇ ತೋರಿಸಿ.

ಈಗಾಗಲೇ ಮನೆಯಲ್ಲಿ ಉದ್ದ ಬಾಲದ್ದು ಇದ್ದರೆ ಬೈದುಕೊಳ್ಳಬೇಡಿ, ಚೆನ್ನಾಗಿ ನೋಡಿಕೊಳ್ಳಿ. ಎತ್ತರದ ತೊಟ್ಟಿ ಬೇಡ, ಅಗಲವಾಗಿರಲಿ, ನೀರು ಒಂದು ಗೇಣು ಸಾಕು. ಮೇಲ್ಭಾಗದಲ್ಲಿ ಒರಗಲು ಒಂದು ಅಗಲವಾದ ಎಲೆ ಇಡಿ. ಚೂಪಾದ ಪ್ಲಾಸ್ಟಿಕ್ ಗಿಡ ತೆಗೆದುಬಿಡಿ, ಬಾಲ ಹರಿಯುತ್ತದೆ. ನಮ್ಮ ಊರಿನ ಬೇಸಿಗೆಯಲ್ಲಿ ತೊಟ್ಟಿಯನ್ನು ಕಿಟಕಿ ಹತ್ತಿರ ಇಡಲೇಬೇಡಿ, 28 ಡಿಗ್ರಿ ದಾಟಿದ ನೀರು ಅದಕ್ಕೆ ಒಳ್ಳೆಯದಲ್ಲ. ಬೇಸರವಾಯಿತು ಅಂತ ನಮ್ಮ ಊರಿನ ಅಪ್ಪನ ಕೆರೆಗೆ ಬಿಟ್ಟು ಬರುವುದಂತೂ ಬೇಡವೇ ಬೇಡ.

ನಮ್ಮ ಮೀನು ಇನ್ನೂ ಇದೆ. ನೀರು ಇಳಿಸಿ ಎಲೆ ಇಟ್ಟ ಮೇಲೆ ಬಾಲ ಕಚ್ಚಿಕೊಳ್ಳುವುದು ನಿಂತಿದೆ. ತುದಿಯಲ್ಲಿ ತೆಳ್ಳಗೆ, ಬಣ್ಣವಿಲ್ಲದ ಹೊಸ ರೆಕ್ಕೆ ಬರುತ್ತಿದೆ. ಅದು ಮತ್ತೆ ಉದ್ದ ಆಗುತ್ತದಲ್ಲ ಅನ್ನುವುದೇ ಈಗ ನನ್ನ ಚಿಂತೆ.

ಇಂತಿ,
ಒಬ್ಬ ಓದುಗ, ಕಲಬುರಗಿ