ಎರಡನೇ ಸಲಕ್ಕೆ ಸೀಟು ಸಿಕ್ಕಿತು, ಇವರೆಲ್ಲರಿಗೂ ಧನ್ಯವಾದ

ನ್ಯೂರೋಸೈನ್ಸ್ ಪಿಎಚ್.ಡಿ.ಗೆ ಸೀಟು ಸಿಕ್ಕಿದೆ. ಹೋದ ವರ್ಷ 9 ಕಡೆ ಅರ್ಜಿ ಹಾಕಿದ್ದೆ. ಒಂದು ಕಡೆಯೂ ಸಂದರ್ಶನಕ್ಕೆ ಕರೆಯಲಿಲ್ಲ. ಈ ಸಲ 6 ಕಡೆ ಹಾಕಿದೆ, 2 ಕಡೆ ಕರೆದರು, ಒಂದು ಕಡೆ ತಗೊಂಡರು. ಬೇಕಾಗಿದ್ದೂ ಒಂದೇ ಅಲ್ವಾ.

ಮೊದಲು ನಮ್ಮ ಲ್ಯಾಬಿನ ಸೀನಿಯರ್ ಅಕ್ಕನಿಗೆ ಧನ್ಯವಾದ ಹೇಳಬೇಕು. ಹೋದ ವರ್ಷದ ನನ್ನ ಸ್ಟೇಟ್‌ಮೆಂಟ್ ಆಫ್ ಪರ್ಪಸ್ (ಯಾಕೆ ಸೇರಬೇಕು ಅಂತ ಅರ್ಜಿಯ ಜೊತೆ ಬರೆದುಕೊಡುವ ಬರಹ) ಎಚ್.ಎಂ. ಎಂಬ ರೋಗಿಯ ಕಥೆಯಿಂದ ಶುರುವಾಗುತ್ತಿತ್ತು. 1953ರಲ್ಲಿ ಮೂರ್ಛೆರೋಗ ನಿಲ್ಲಿಸಲು ಅವರ ಮೆದುಳಿನ ಎರಡೂ ಬದಿಯಲ್ಲಿ, ಹೊಸ ನೆನಪು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದರು. ಆಮೇಲೆ ಹೊಸ ಮುಖ, ಹೊಸ ಮಾತು ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಅಕ್ಕ ಪೂರ್ತಿ ಓದಿ, "ಇದು ಕಮಿಟಿಯಲ್ಲಿ ಕೂತವರಿಗೆಲ್ಲ ಗೊತ್ತಿರುವ ಕಥೆ. ನಿನಗೆ ಏನು ಗೊತ್ತಾಗಬೇಕು? ಅದನ್ನು ಬರಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ಮಾರನೇ ದಿನ ಪ್ಯಾಚ್ ಕ್ಲ್ಯಾಂಪ್ ರಿಗ್ ಮುಂದೆ, ಅಂದರೆ ಒಂದೊಂದೇ ನರಕೋಶದ ವಿದ್ಯುತ್ ಅಳೆಯುವ ಉಪಕರಣದ ಮುಂದೆ, ಕೂರಿಸಿದರು.

ಅಲ್ಲಿ ಇಲಿಯ ಹಿಪೊಕ್ಯಾಂಪಸ್ಸಿನ ತೆಳು ಸ್ಲೈಸ್ ಇರುತ್ತದೆ, 300 ಮೈಕ್ರೋಮೀಟರ್ ದಪ್ಪ. ಅದು ಬದುಕಿರಬೇಕಾದರೆ ದ್ರಾವಣದಲ್ಲಿ ಆಮ್ಲಜನಕದ ಗುಳ್ಳೆ ಏಳುತ್ತಲೇ ಇರಬೇಕು. ಸುಮಾರು 1 ಮೈಕ್ರೋಮೀಟರ್ ತುದಿಯ ಗಾಜಿನ ಪಿಪೆಟ್ಟನ್ನು ಒಂದು ನರಕೋಶಕ್ಕೆ ತಾಗಿಸಿ, ಕೊಳವೆಯಿಂದ ಬಾಯಲ್ಲಿ ಮೆಲ್ಲಗೆ ಉಸಿರೆಳೆಯಬೇಕು. ಕೋಶದ ಪೊರೆ ಗಾಜಿಗೆ ಅಂಟಿಕೊಂಡು ರೆಸಿಸ್ಟೆನ್ಸ್ 1 ಗಿಗಾಓಮ್ (ನೂರು ಕೋಟಿ ಓಮ್) ದಾಟಿದರೆ ಸೀಲ್ ಆಯಿತು ಅಂತ. ನೇಹರ್ ಮತ್ತು ಸಾಕ್‌ಮನ್ ಎಂಬ ವಿಜ್ಞಾನಿಗಳು 1991ರಲ್ಲಿ ನೊಬೆಲ್ ಪಡೆದ ಕೆಲಸ ನಿಂತಿರುವುದು ಈ ಸೀಲ್ ಮೇಲೆಯೇ. ನನಗೆ ನಾಲ್ಕು ತಿಂಗಳು ಸೀಲ್ ಸಿಗಲಿಲ್ಲ. ಒಮ್ಮೊಮ್ಮೆ ಜಾಸ್ತಿ ಎಳೆದು ಕೋಶ ಒಡೆಯುತ್ತಿತ್ತು. ಅಕ್ಕ ತಮ್ಮ ಪ್ರಯೋಗ ಬಿಟ್ಟು ಪಕ್ಕ ಬಂದು ನಿಂತು, "ಇನ್ನೂ ಸಣ್ಣಗೆ, ಇನ್ನೂ ಸಣ್ಣಗೆ" ಅನ್ನುತ್ತಿದ್ದರು.

ಕೊನೆಗೆ ಸೀಲ್ ಸಿಕ್ಕಿತು. ಕೆಲವು ವಾರ ಕಳೆದ ಮೇಲೆ ಪಕ್ಕಪಕ್ಕದ ಎರಡು ಕೋಶಗಳಿಗೆ ಒಂದೇ ಅಳತೆಯ ಕರೆಂಟ್ ಕೊಟ್ಟೆ. ಒಂದು ಕೋಶ ಸ್ಪೈಕ್ (ವಿದ್ಯುತ್ ಮಿಡಿತ) ಮೇಲೆ ಸ್ಪೈಕ್ ಕೊಡುತ್ತಲೇ ಹೋಯಿತು. ಇನ್ನೊಂದು ಎರಡು ಕೊಟ್ಟು ಸುಮ್ಮನಾಯಿತು. ನೋಡುವುದಕ್ಕೆ ಎರಡೂ ಒಂದೇ ಥರ. ಯಾಕೆ ಹೀಗೆ ಅಂತ ರಾತ್ರಿಯೆಲ್ಲ ಯೋಚನೆ. ಈ ವರ್ಷದ ಸ್ಟೇಟ್‌ಮೆಂಟಿನ ಮೊದಲ ಸಾಲು ಆ ಎರಡು ಕೋಶಗಳದ್ದು. ಸಂದರ್ಶನದಲ್ಲಿ ಅರ್ಧ ಗಂಟೆ ಅದೇ ಮಾತಾಯಿತು.

ಶಿಫಾರಸು ಪತ್ರ ಬರೆದ ಮೂವರು ಮೇಷ್ಟ್ರಿಗೆ ನಾನು ಋಣಿ. ಎರಡು ವರ್ಷ, 15 ಅರ್ಜಿ, ಒಬ್ಬೊಬ್ಬರೂ 15 ಸಲ ಫಾರಂ ತುಂಬಿದರು. ಅದರಲ್ಲಿ ಫಿಸಿಕ್ಸ್ ಮೇಷ್ಟ್ರಿಗೆ ಇನ್ನೊಂದು ಮಾತು. ಬಯಾಲಜಿ ಓದಿಲ್ಲ ಎಂದು ನಾನು ಹೆದರಿದ್ದಾಗ ಅವರು ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು 1952ರಲ್ಲಿ ಬರೆದ, ನರಕೋಶದಲ್ಲಿ ವಿದ್ಯುತ್ ಸಂಕೇತ ಹೇಗೆ ಏಳುತ್ತದೆ ಅಂತ ಹೇಳುವ ಸಮೀಕರಣಗಳನ್ನು ಬೋರ್ಡಿನ ಮೇಲೆ ಬಿಡಿಸಿ, "ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಏನಿದೆ ಹೇಳು" ಅಂದರು. ಆ ಹೆದರಿಕೆ ಅವತ್ತೇ ಹೋಯಿತು.

ಅನಿಮಲ್ ಹೌಸ್ ನೋಡಿಕೊಳ್ಳುವ ಅಣ್ಣನಿಗೆ, ಭಾನುವಾರವೂ ಬಂದು ಇಲಿಗಳ ನೀರು, ಹಾಸು ನೋಡಿದ್ದಕ್ಕೆ ಧನ್ಯವಾದ. ಆ ಇಲಿಗಳ ಋಣವೂ ನನ್ನ ಮೇಲಿದೆ. ಅದನ್ನು ಮರೆತು ಈ ಕೆಲಸ ಮಾಡಬಾರದು ಅಂತ ನನಗನ್ನಿಸುತ್ತದೆ.

ಅಮ್ಮ ಹೋದ ವರ್ಷ ರಿಸಲ್ಟ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ದಿನಾ ಸಂಜೆ ಫೋನಿನಲ್ಲಿ "ಇವತ್ತು ಅಂಟಿತಾ?" ಅಂತ ಮಾತ್ರ ಕೇಳುತ್ತಿದ್ದರು. ನಾಲ್ಕು ತಿಂಗಳು "ಇಲ್ಲಮ್ಮ" ಅಂದಿದ್ದನ್ನು ಅವರಷ್ಟು ತಾಳ್ಮೆಯಿಂದ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಈ ವರ್ಷ ಅರ್ಜಿ ಹಾಕುತ್ತಿರುವವರು ನಿಮ್ಮ ಸ್ಟೇಟ್‌ಮೆಂಟ್ ನನಗೆ ಕಳಿಸಿ. ಅಕ್ಕ ನನ್ನದನ್ನು ಏಳು ಸಲ ಓದಿದ್ದಾರೆ. ನಿಮ್ಮದನ್ನು ನಾನು ಓದುತ್ತೇನೆ.